ದ್ರಾಕ್ಷಿಯ ಹರವಿಗೆ ಹಾಕಿದ ಬೆಲ್ಲ

ಮೊನ್ನೆ ಮೊಮ್ಮಗ ಭಾಲ್ಕಿಯ ಸಂತೆಯಿಂದ ತಂದ ದ್ರಾಕ್ಷಿ ಬುಟ್ಟಿಯ ತಳದಲ್ಲಿ ನಾಲ್ಕು ಗೊಂಚಲು ಒಡೆದು ಹುಳಿಯಾಗಿದ್ದವು. ಸೊಸೆ ಮೂಗು ಮುಚ್ಚಿಕೊಂಡು ತಿಪ್ಪೆಗೆ ಒಯ್ದಳು. ನಾನು ಆ ವಾಸನೆಯಲ್ಲೇ ಸ್ವಲ್ಪ ಹೊತ್ತು ಕೂತೆ... ಅಣ್ಣನ ಅಂಗಿಯಿಂದ ಬರುತ್ತಿದ್ದ ವಾಸನೆ ಅದು.

ನಿಜಾಮರ ಕಾಲ. ನಮ್ಮ ಮನೆ ಬೀದರಿನಲ್ಲಿತ್ತು. ಊರ ಹೊರಗೆ, ಅಷ್ಟೂರಿನ ಗುಮ್ಮಟಗಳು ಕಾಣುವಲ್ಲಿ, ಒಬ್ಬ ಕ್ರೈಸ್ತ ಮುದುಕರ ದ್ರಾಕ್ಷಿ ತೋಟವಿತ್ತು. ಹೈದರಾಬಾದಿನ ಒಂದು ಚರ್ಚಿನ ಪೂಜೆಗೆ ಬೇಕಾದ ದ್ರಾಕ್ಷಾರಸವನ್ನು ಅವರು ಅಲ್ಲೇ ಮಣ್ಣಿನ ಹರವಿಗಳಲ್ಲಿ ಮಾಡುತ್ತಿದ್ದರು. ಅಣ್ಣ ಅವರ ಕೈಕೆಳಗೆ ಇದ್ದ. ಲಿಂಗ ಕಟ್ಟಿಕೊಂಡವನು ಶರಾಬಿನ ಹರವಿ ಮುಟ್ಟುತ್ತಾನೆಂದು ಅಪ್ಪ ಅವನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಅವನು ತೋಟದಲ್ಲೇ ಒಬ್ಬನೇ ಇರುತ್ತಿದ್ದ. ಅವ್ವ ಅಪ್ಪನ ಕಣ್ಣು ತಪ್ಪಿಸಿ ಕಟ್ಟಿಕೊಟ್ಟ ರೊಟ್ಟಿಯನ್ನು ನಾನು ಒಯ್ಯುತ್ತಿದ್ದೆ.

ಅಲ್ಲಿ ಹಣ್ಣನ್ನು ತೊಳೆಯುತ್ತಿರಲಿಲ್ಲ. ಕಾಲಿನಿಂದ ತುಳಿದು, ಸಿಪ್ಪೆ ಸಮೇತ ಹರವಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಡುತ್ತಿದ್ದರು. ನೀರಿಲ್ಲ, ಸಕ್ಕರೆಯಿಲ್ಲ. ಏನು ಬೆರೆತರೂ ಅದು ಪೂಜೆಗೆ ಸಲ್ಲುತ್ತಿರಲಿಲ್ಲ. ಹಣ್ಣಿನ ಮೈಮೇಲಿನ ಬಿಳಿ ಬೂದಿಯಿಂದಲೇ ರಸ ತಾನಾಗಿ ಹುದುಗಿ ಉಕ್ಕಬೇಕು.

"ನಾವು ಹಣೀಗಷ್ಟೇ ಹಚ್ಕೋತೇವಿ. ಇವು ನೋಡು, ಮೈತುಂಬ ವಿಭೂತಿ ಹಚ್ಕೊಂಡು ಹುಟ್ಯಾವ," ಎಂದು ಅಣ್ಣ ನಗುತ್ತಿದ್ದ. "ಅಪ್ಪಗ ಹೇಳು, ನಮಕಿಂತ ಇವೇ ದೊಡ್ಡ ಶರಣರು ಅಂತ."

ಒಂದು ವರ್ಷ ಶಿವರಾತ್ರಿ ಕಳೆದರೂ ಚಳಿ ಬಿಟ್ಟಿರಲಿಲ್ಲ. ಮುದುಕರು ಮೊದಲ ಸಲ ಒಂದು ಹರವಿಯನ್ನು ಪೂರ್ತಿ ಅಣ್ಣನಿಗೆ ಒಪ್ಪಿಸಿ ಹೈದರಾಬಾದಿಗೆ ಹೋಗಿದ್ದರು. ಆ ಚಳಿಗೆ ನಾಲ್ಕು ದಿನವಾದರೂ ಅದು ಉಕ್ಕಲಿಲ್ಲ. ಅಣ್ಣ ಹರವಿಗೆ ಕಿವಿ ಹಚ್ಚಿ ಕೂತಿರುತ್ತಿದ್ದ. ರೊಟ್ಟಿ ಮುಟ್ಟಲಿಲ್ಲ. ನನಗೆ ತಡೆಯಲಾಗಲಿಲ್ಲ. ಮರುದಿನ ಅವನು ಬಾವಿಗೆ ಹೋದಾಗ, ರಸ ಬೇಗ ಉಕ್ಕಲೆಂದು, ಸೆರಗಿನಲ್ಲಿ ಕಟ್ಟಿ ತಂದಿದ್ದ ಬೆಲ್ಲದ ಹೆಂಟೆಯನ್ನು ಒಳಗೆ ಹಾಕಿ ಬಟ್ಟೆ ಕಟ್ಟಿದೆ. ಏನೂ ಬೆರೆಸಬಾರದೆಂದು ಕೇಳಿದ್ದೆ. ಆದರೆ ಬೆಲ್ಲವೂ ಅದರಲ್ಲಿ ಬರುತ್ತದೆಂದು ಅನ್ನಿಸಲಿಲ್ಲ. ದೇವರ ಎಡೆಗೆ ಇಡುವ ವಸ್ತು, ಅದರಿಂದ ಯಾವ ದೇವರಿಗೆ ಮೈಲಿಗೆ?

"ಎದ್ದದ ತಂಗಿ, ಎದ್ದದ! ಕಿವಿ ಹಚ್ಚು, ಕೇಳು!" ಮುಂದಿನ ಸಲ ರೊಟ್ಟಿ ಒಯ್ದಾಗ ಅಣ್ಣ ಕೂಗಿದ.

ಒಳಗೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸಣ್ಣ ಸದ್ದು. ಹೇಳಬೇಕೆಂದಿದ್ದೆ... ಅವನ ಮುಖ ನೋಡಿ ರೊಟ್ಟಿಯ ಗಂಟು ಬಿಚ್ಚಿ ಮುಂದಿಟ್ಟೆ.

ಮುದುಕರು ಮರಳಿದ ದಿನ ನಾನೂ ಅಲ್ಲಿದ್ದೆ. ಅವರು ಉದ್ದ ಸೌಟಿನಿಂದ ಹರವಿಯ ತಳ ಕೆದಕಿ ಎತ್ತಿದರು. ಗಸಿಯಲ್ಲಿ ಕಬ್ಬಿನ ನಾರೊಂದು ಅಂಟಿಕೊಂಡಿತ್ತು.

"ದ್ರಾಕ್ಷಿಯಾಗ ಕಬ್ಬಿನ ನಾರು ಎಲ್ಲಿಂದ ಬಂತೋ?"

ಅಣ್ಣ ನಾರನ್ನು ನೋಡಿದ. ಆಮೇಲೆ ನನ್ನನ್ನು. ಭಾಲ್ಕಿಯವರೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ಹುಡುಗಿ ಶರಾಬಿನ ಹರವಿಗೆ ಕೈ ಹಾಕಿದ್ದಾಳೆಂದು ಸುದ್ದಿ ಹೋದರೆ ಅದು ಮುರಿಯುತ್ತಿತ್ತು.

"ನಾನೇ ಬೆಲ್ಲ ಹಾಕೀನ್ರಿ," ಎಂದ.

"ಹರವಿ ಕಾಯಿ ಅಂದ್ರ ಹುಗ್ಗಿ ಮಾಡಿಟ್ಟೀಯಲ್ಲೋ!" ಮುದುಕರು ಸೌಟನ್ನು ನೆಲಕ್ಕೆ ಒಗೆದರು. "ಭರೋಸಾ ಇಟ್ಟು ಹೋಗಿದ್ದೆ ನಿನ್ನ ಮ್ಯಾಲ. ನಡಿ ಇನ್ನ."

ಒಂದು ಮಾತು ಸಾಕಿತ್ತು. ನಾನು ಸೆರಗು ಹಿಡಿದುಕೊಂಡು ನಿಂತೆ. ಇಡೀ ಹರವಿಯನ್ನು ಹೊಲಕ್ಕೆ ಸುರಿದರು. ಸುರಿಯಲು ಅಣ್ಣನೇ ಕೈ ಹಚ್ಚಿದ.

ಅವನು ಔರಾದಕ್ಕೆ ಹೋಗಿ ಯಾರದೋ ಹೊಲದಲ್ಲಿ ದುಡಿಯುತ್ತಿದ್ದಾನೆಂದು ಕೇಳಿದೆ. ನಾನು ಮದುವೆಯಾಗಿ ಭಾಲ್ಕಿಗೆ ಬಂದೆ. ಇಲ್ಲಿಂದ ಔರಾದಕ್ಕೆ ಬಂಡಿಯಲ್ಲಿ ಒಂದು ದಿನದ ದಾರಿ. ಮೊದಲು ಅತ್ತೆಗೆ ಅಂಜಿ ಹೋಗಲಿಲ್ಲ. ಆಮೇಲೆ ಗಂಡನಿಗೆ ಅಂಜಿದೆ. ಆಮೇಲೆ... ಅಣ್ಣನಿಗೇ ಅಂಜಿದೆ.

ಗಂಡ ತೀರಿದ ಮೇಲೆ ಹೋದೆ. ಅಣ್ಣ ತೀರಿಹೋಗಿ ಆಗಲೇ ಎರಡು ಮಳೆಗಾಲ ಕಳೆದಿದ್ದವು. ಅವನಿದ್ದ ಕೋಣೆಯ ಒಡತಿ ನನ್ನನ್ನು ದಿಟ್ಟಿಸಿ ನೋಡಿದಳು.

"ನೀವು ಏನಾಗಬೇಕ್ರಿ ಅವರಿಗೆ? ನನಗ ಯಾರೂ ಇಲ್ಲ ಅಂತಿದ್ರಲ್ಲ..."

"ಬೀದರದಾಕಿರಿ. ಪರಿಚಯ ಇತ್ತು," ಎಂದೆ.

ಅವಳು ಕೊಟ್ಟ ನೀರು ಕುಡಿದು ಬಂಡಿ ಹತ್ತಿದೆ.

ನನಗೆ ಅಕ್ಷರ ಕಲಿಸಿದವನೂ ಅವನೇ. ಮಠದಲ್ಲಿ ಅವನು ಕಲಿತದ್ದರಲ್ಲಿ ಅರ್ಧ ನನಗೆ ಬಂತು. ಆ ಅರ್ಧದಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಪ್ಪನಿಲ್ಲ, ಮುದುಕರಿಲ್ಲ, ಔರಾದದ ಆ ಹೆಂಗಸೂ ಈಗ ಇರಲಿಕ್ಕಿಲ್ಲ. ಕೇಳಬೇಕಾದವರು ಯಾರೂ ಉಳಿದಿಲ್ಲ. ಆದರೂ... ಬೆಲ್ಲ ಹಾಕಿದವಳು ನಾನು. ಅವನಿಗೆ ಒಬ್ಬ ತಂಗಿ ಇದ್ದಳು.