ಹೆಬ್ಬೆರಳಿನ ಡಾಕ್ಟ್ರು

ಚರ್ಮರೋಗದ ವಾರ್ಡಿನಲ್ಲಿ ಅವರ ನಿಜವಾದ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅವರು ಹೆಬ್ಬೆರಳಿನ ಡಾಕ್ಟ್ರು. ಮೈಮೇಲೆ ಬೊಕ್ಕೆ ಎದ್ದ ರೋಗಿ ಬಂದರೆ ಮೊದಲು ಹೆಬ್ಬೆರಳನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ, "ಸ್ವಲ್ಪ ತಡ್ಕೊಳಮ್ಮ" ಅನ್ನುತ್ತಾರೆ, ಬೊಕ್ಕೆಯ ಪಕ್ಕದ ಒಳ್ಳೆಯ ಚರ್ಮವನ್ನು ಒತ್ತಿ ಮೆಲ್ಲಗೆ ಜಾರಿಸುತ್ತಾರೆ. ಮೇಲಿನ ಪದರ ಹಾಲಿನ ಕೆನೆಯ ಹಾಗೆ ಸರಿದು ಬಂದರೆ ಅದು ಕೆಟ್ಟ ಕಾಯಿಲೆ, ಬಾಯಿಹುಣ್ಣಾಗಿ ಶುರುವಾಗಿ ಮೈಯೆಲ್ಲ ಹರಡುವಂಥದ್ದು. ಸರಿಯದಿದ್ದರೆ ಅಂದು ವಾರ್ಡಿನವರಿಗೆಲ್ಲ ಅವರೇ ಚಹಾ ತರಿಸುತ್ತಾರೆ. ಚಹಾ ಬರುವ ದಿನಗಳು ಕಡಿಮೆ. ಈ ಒತ್ತುವ ಚಟ ಎಷ್ಟೆಂದರೆ ಹೊಸ ಬಣ್ಣದ ಗೋಡೆ, ಬಸ್ಸಿನ ಸೀಟಿನ ರೆಕ್ಸಿನ್, ಯಾವುದನ್ನೂ ಒತ್ತಿ ಜಾರಿಸದೆ ಬಿಡುವವರಲ್ಲ. ತರಕಾರಿಯವನಂತೂ ದೂರದಿಂದಲೇ "ಸಾರ್, ಟೊಮೆಟೊ ಗಟ್ಟಿಯಾಗೇ ಇದೆ, ಒತ್ಬೇಡಿ!" ಎಂದು ಕೂಗುತ್ತಾನೆ. ಬರಿ ಕಣ್ಣಲ್ಲಿ ನೋಡಿ ರೋಗದ ಹೆಸರು ಹೇಳುವ ವಿದ್ಯಾರ್ಥಿಗಳಿಗೆ ಒಂದೇ ಬೈಗುಳ: "ಒತ್ತಿ ನೋಡಿದ್ಯೇನಯ್ಯಾ? ಇಲ್ವಾ? ಹಾಗಾದ್ರೆ ಬಾಯಿ ಮುಚ್ಚು." ಈಚೆಗೆ ಅವರ ಹೆಂಡತಿಯ ಬಾಯಲ್ಲಿ ಹುಣ್ಣಾಗಿ, ಏನು ಮಾಡಿದರೂ ಮಾಯುತ್ತಿಲ್ಲ. ನಿನ್ನೆ ಹೆಗಲ ಮೇಲೂ ಒಂದು ಬೊಕ್ಕೆ ಎದ್ದಿತು. "ಇದನ್ನೊಂದ್ಸಲ ಒತ್ತಿ ನೋಡ್ರೀ" ಎಂದು ಆಕೆ ಹೆಗಲು ತೋರಿಸಿದಳು. ಡಾಕ್ಟ್ರು ಕನ್ನಡಕ ಏರಿಸಿ, ಕುರ್ಚಿ ಬಿಟ್ಟೇಳದೆ, "ಏನಿಲ್ಲ ಕಣೇ, ಸೆಕೆಗೆ ಎದ್ದಿದೆ ಅಷ್ಟೆ" ಅಂದರು. ಹಾಗನ್ನುವಾಗ ಅವರ ಹೆಬ್ಬೆರಳು ಮುಷ್ಟಿಯೊಳಗಿತ್ತು. ಉಳಿದ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.