ಕೌದಿಯ ಸುತ್ತಳತಿ

ಅಂಚು ಒಂದು ಗೇಣು ಕಡಿಮಿ ಬಿದ್ದದ್ದು ರೊಟ್ಟಿ ಸಲುವಾಗಿ. ಖರೇ ಅಂದ್ರ ಇಷ್ಟ. ನನ್ನ ಮಗ ಕಂಪ್ಯೂಟರ್ ಸುಳ್ಳು ಹೇಳ್ತು ಅಂತಾನ. ಸೊಸಿ, ಹುಡುಗಿಗೆ ಲಕ್ಷ್ಯ ಇರಲಿಲ್ಲ ಅಂತಾಳ. ಓಣಿ ಮಂದಿ ದೃಷ್ಟಿ ತಾಕೇತಿ ಅಂದ್ರು. ಯಾವುದೂ ಅಲ್ಲ.

ನಿನ್ನೆ ಆ ಕೌದಿನ್ನ ಟ್ರಂಕಿನಿಂದ ತಗದು ಬಿಸಲಿಗೆ ಹಾಕಿದ್ದೆ. ಡಾಂಬರ ಗುಳಗಿ ವಾಸನಿ ಅಂಗಳ ತುಂಬ ಹಬ್ಬಿತ್ತು. ಬಾಜೂ ಮನಿಗೆ ಹೊಸದಾಗಿ ಬಂದ ಸೊಸಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, "ಅಜ್ಜೀ, ಸುತ್ತಲೂ ಕೆಂಪು ಅಂಚು ಐತಿ, ಇಲ್ಲೊಂದು ತುಣುಕು ಯಾಕ ಹಸರು?" ಅಂತ ಕೇಳಿದ್ಲು. "ಕೆಂಪು ಮುಗೀತವಾ," ಅಂದೆ. ಒಲಿ ಮ್ಯಾಲ ಹಾಲು ಇಟ್ಟು ಬಂದಿದ್ಲು, ಅಕಿಗೆ ಅಷ್ಟು ಸಾಕು. ನಿಮಗ ಪುರಸೊತ್ತು ಇದ್ರ ಕೂಡ್ರಿ, ಉಳದದ್ದು ಹೇಳ್ತೇನಿ.

ನಾ ಸಾಲಿಗೆ ಹೋದದ್ದು ಅಷ್ಟಕ್ಕಷ್ಟ. ಹೋದಾಗೂ ತಮ್ಮನ್ನ ಬಗಲಾಗ ಹೊತ್ತು ಬಾಗಲದಾಗ ನಿಂತದ್ದ ಹೆಚ್ಚು. ಓದಾಕ ಬರತೈತಿ, ಬರಿಯೂದು ಹಿಂಗ ಅಡ್ಡಾದಿಡ್ಡಿ. ಕೌದಿ ಹೊಲಿಯೂದು ಮಾತ್ರ ತವರಮನಿ ಶಿರಗುಪ್ಪ್ಯಾಗ ನಮ್ಮವ್ವನ ಬಾಜೂ ಕುಂತು ಸೂಜಿಗೆ ದಾರ ಪೋಣಿಸಿ ಕೊಡ್ತಾ ಕೊಡ್ತಾ ಬಂತು. ಹಳೇ ಸೀರಿ, ಧೋತರ, ಮೊಣಕೈ ಹರದ ಅಂಗಿ ಎಲ್ಲಾ ಒಂದರ ಮ್ಯಾಲ ಒಂದು ಹಾಸಿ ಟಾಕಿ ಹಾಕ್ಕೋತ ಹೋಗೂದು. ಕೌದಿ ಅಂದ್ರ ಮನೆತನದ ನೆನಪು, ಹಂಗ ಹಿಂಗ ಅಂತ ಛಂದ ಮಾತು ಆಡಾವ್ರು ಇದ್ದಾರ. ನನಗ ಹೊದ್ದಾಗ ಬೆಚ್ಚಗಿದ್ರ ಆತು.

ಆದ್ರ ಒಂದು ರೂಢಿ ನಾನೂ ಬಿಟ್ಟಿಲ್ಲ. ಹಸದ ಕೌದಿ ಹೊದ್ದವರಿಗೆ ನಿದ್ದಿ ಕೊಡೂದಿಲ್ಲ ಅಂತ ನಮ್ಮವ್ವ ಅನ್ನಾಕಿ. ಅದಕ್ಕ ಒಂದು ಬದಿಗೆ ಗೇಣು ಅಗಲ ಬಾಯಿ ಬಿಟ್ಟಿರ್ತೇವಿ. ಕೌದಿ ಯಾರದೋ ಅವರ ಬಂದು ಒಂದು ಚೂರು ಕಟಕ ರೊಟ್ಟಿ ಅದರ ಹೊಟ್ಟ್ಯಾಗ ಹಾಕಬೇಕು. ಆಮ್ಯಾಲ ಬಾಯಿ ಹೊಲದು, ಅದರ ಮ್ಯಾಲ ಅಂಚಿನ ಪಟ್ಟಿ ಎಳದು ಮುಗಸೂದು. "ಇರವಿ ಬರ್ತಾವ ಅತ್ತಿ," ಅಂತ ಸೊಸಿ ಗೊಣಗತಾಳ. ಬರ್ಲಿ, ಅವಕ್ಕೂ ಹೊಟ್ಟಿ ಐತಿ.

ಈ ಕೌದಿ ನನ್ನ ಮೊಮ್ಮಗಳು ನೀಲಾಂದು. ಅಕಿ ಆಗ ಡಿಪ್ಲೋಮಾ ಮುಗಿಸಿ, ಕಂಪ್ಯೂಟರ್‌ನ್ಯಾಗ ನಕಾಶಿ ತಗಿಯೂದು ಕಲಿಯಾಕತ್ತಿದ್ಲು. ದಿನಾ ಗಬ್ಬೂರಿಂದ ಬಸ್ ಹತ್ತಿ ಕ್ಲಾಸಿಗೆ ಹೋಗೂದು, ಬಂದು ಮಂಚದ ಮ್ಯಾಲ ತಲಿದಿಂಬು ಇಟ್ಟು, ದಿಂಬಿನ ಮ್ಯಾಲ ಲ್ಯಾಪ್‌ಟಾಪ್ ಇಟ್ಟು ಕೂಡೂದು. ಕರೇ ಪರದೆ ಮ್ಯಾಲ ಬಿಳೇ ಗೆರಿ. ಒಮ್ಮೆ ಚೌಕ, ಒಮ್ಮೆ ಗುಂಡ, ಒಮ್ಮೆ ಹಲ್ಲು ಹಲ್ಲು ಇರೋ ಚಕ್ಕರ. ಎಳಿಯೂದು, ಅದರ ಸುತ್ತಳತಿ ಎಷ್ಟು ಅಂತ ಅದನ್ನ ಕೇಳೂದು, ಅಳಸೂದು.

"ಗೆರಿ ಎಳದು ಅಳೀತಿ, ಅಳದು ಅಳಸ್ತಿ," ಅಂದೆ ಒಂದಿನ. "ಇದರಾಗ ಉಣ್ಣಾಕ ಏನ ಹುಟ್ಟತೈತಿ?"

"ಆಯಿ, ಕಬ್ಬಿಣದ ತಗಡು ಕತ್ತರಸೋ ಮಷಿನ್ ಇರ್ತೈತಲ್ಲ, ಅದು ಈ ಗೆರಿ ಹಿಡದ ಸುತ್ತು ಹಾಕೂದು. ಸುತ್ತು ಎಷ್ಟು ಉದ್ದ ಅಂತ ಗೊತ್ತಾದ್ರ ಕೆಲಸ ಎಷ್ಟು ಹೊತ್ತಿಂದು ಅಂತ ಗೊತ್ತಾಕ್ಕೈತಿ."

ಹಂಗಂದ್ರ ಸರಿ ಅಂದೆ. ನನಗ ಪೂರಾ ತಿಳೀಲಿಲ್ಲ, ಆದ್ರ ಅಕಿಗೆ ತಿಳದೈತಿ ಅನ್ನೂದು ತಿಳೀತು.

ಬೈಪಾಸ್ ಆಚೆಗಿನ ಒಂದು ಸಣ್ಣ ತಗಡಿನ ಕಾರಖಾನಿಯವರು ಅಕಿನ್ನ ಕೆಲಸಕ್ಕ ಕರದ್ರು. ನನ್ನ ಮಗ ಬಸು, ಅಂದ್ರ ನೀಲಾನ ಅಪ್ಪ, ಹತ್ತಿ ದಲಾಲಿ ಅಂಗಡಿಯವ. ತೂಕದ ಕಾಟಾದ ಮ್ಯಾಲ ಏರದೇ ಇದ್ದದ್ದು ಈ ಜಗತ್ತಿನ್ಯಾಗ ಇಲ್ಲ ಅನ್ನೋ ಪೈಕಿ. "ಗಂಡಸರ ನಡಬರಕ ತಗಡು ಬಡಿಯೋ ಜಾಗಾದಾಗ ನೀ ಏನ ಮಾಡಾಕಿ? ಆ ಡಬ್ಬಿಯಿಂದ ಈ ಮನಿಗೆ ಒಂದರ ಉಪಯೋಗ ಆಗೂದು ತೋರಸು, ಆಮ್ಯಾಲ ನೋಡೂಣು," ಅಂದ.

ನೀಲಾ ಸುತ್ತ ನೋಡಿದ್ಲು. ನನ್ನ ತೊಡಿ ಮ್ಯಾಲ ಅಕಿದ ಕೌದಿ ಇತ್ತು. "ಇದರ ಅಂಚಿಗೆ ಎಷ್ಟು ಪಟ್ಟಿ ಬೇಕು ಹೇಳ್ತೇನಿ. ಅಷ್ಟ ತರ್ರಿ. ಉಳಿಯೂದಿಲ್ಲ, ಕಡಿಮಿನೂ ಬೀಳೂದಿಲ್ಲ."

"ಬಿದ್ರ?"

"ಬಿದ್ರ ನಾ ಹೋಗೂದಿಲ್ಲ."

ನಮ್ಮ ಮನೆತನಾನ ಹಂಗ, ಬಾಯಿ ಮುಂದ ಹೋಗತೈತಿ, ಬುದ್ಧಿ ಹಿಂದಿಂದ ಚಪ್ಪಲ್ ಹುಡಕ್ಕೋತ ಬರತೈತಿ.

ನಾ ಜೀವನದಾಗ ಅಂಚು ಅಳದಾಕಿ ಅಲ್ಲ. ಸುರಳಿ ಬಾಜೂಕ ಇಟಗೊಂಡು ಹೊಲಕೋತ ಹೋಗೂದು, ಮುಗದಲ್ಲೆ ಕತ್ತರಿ ಹಾಕೂದು. ಈ ಕೌದಿ ಮತ್ತ ಚೌಕೂ ಇರಲಿಲ್ಲ. ನೀಲಾನ ಹಟಕ್ಕ ಮೂಲಿ ಗುಂಡಗ ಮಾಡಿ, ಕಾಲಕಡೆ ಅಲಿ ಅಲಿ ಬಿಟ್ಟಿದ್ದೆ. "ಗುಂಡದ್ದು ಟೇಪಿನ್ಯಾಗ ಹೆಂಗ ಅಳೀತಿ?" ಅಂದೆ.

"ಮೂಲ್ಯಾಗ ತಾಟು ಬೋರಲ ಇಟ್ಟು ಗೆರಿ ಎಳದಿದ್ದಿ ಅಲ್ಲ? ಆ ತಾಟು ಕೊಡು."

ತಾಟು ಅಳದ್ಲು. ಉದ್ದ, ಅಗಲ, ಅಲಿಯ ಏರಿಳಿತ ಎಲ್ಲಾ ಅಳದು ಗೆರಿ ಬಿಡ್ತಾ ಹೋದ್ಲು. ನನ್ನ ಕೌದಿ ಪರದೆ ಮ್ಯಾಲ ಹಂಗ ಹಾಸಿಕೊಂತು, ಟಾಕಿ ಒಂದು ಇಲ್ಲ. ನೋಡಾಕ ಮೋಜು ಅನಸ್ತು, ಸುಳ್ಳ್ಯಾಕ ಹೇಳ್ಲಿ. ಗೆರಿ ತಿರುಗಿ ಬಾಯಿ ಹತ್ರ ಬಂತು. "ಇಲ್ಲೆ ಬಾಯಿ ಐತಿ, ಮುಚ್ಚಬ್ಯಾಡ," ಅಂದೆ.

"ನನಗ ಗೊತ್ತಿಲ್ಲೇನ ಆಯಿ," ಅಂದು ಅಲ್ಲೇ ಕೈ ಎತ್ತಿದ್ಲು. ಇನ್ನೂ ಉಣ್ಣದ ಕೌದಿ ಬಾಯಿ ಮುಚ್ಚಾಕ ಬರತೈತೇನು, ಕಂಪ್ಯೂಟರ್‌ನ್ಯಾಗಿಂದು ಆದ್ರೂ? ಹುಡುಗಿಗೆ ರೀತಿ ನೀತಿ ಐತಿ ಅಂತ ನನಗ ಹಿಗ್ಗೂ ಆತು. ಅಕಿ ಗೆರಿ ಮುಟ್ಟಿದ್ಲು, ಅದು ಅಂಕಿ ಹೇಳ್ತು. ಮಗ ಪ್ಯಾಟ್ಯಾಗ ಸುರಳಿಯ ಕಡೀ ಪಟ್ಟಿ ಅಳತಿ ಮಾಡಿಸಿ ಅಷ್ಟ ತಂದ, ಒಂದು ಬೊಟ್ಟು ಹೆಚ್ಚಿಲ್ಲ. ತೂಕದ ಮನಷ್ಯಾ.

ಅಂಚು ಮುಗಿಯೋ ದಿನ ಐತವಾರ, ಎಲ್ಲಾರೂ ಮನ್ಯಾಗ. ನೀಲಾ ರೊಟ್ಟಿ ಚೂರು ಹಾಕಿದ್ಲು. ನಾ ಬಾಯಿ ಹೊಲದು ಪಟ್ಟಿ ಎಳದೆ. ಪಟ್ಟಿ ಮುಗೀತು, ಬಾಯಿ ಮ್ಯಾಲಿನ ಗೇಣು ಉಳೀತು. ಮತ್ತೊಮ್ಮೆ ಎಳದೆ. ಎಳದ್ರ ಹುಟ್ಟತೈತೇನು.

ಮಗ ಚಾದ ಕಪ್ಪು ಕೆಳಗಿಟ್ಟ. "ಬಿತ್ತಲ್ಲವಾ ಕಡಿಮಿ?"

ನೀಲಾ ಲ್ಯಾಪ್‌ಟಾಪ್ ತಗದು ಆ ಕೌದಿ ಗೆರಿ ದಿಟ್ಟಿಸಿದ್ಲು. ಆಮ್ಯಾಲ ಮೆಲ್ಲಕ ಅಂದ್ಲು, "ಮುಚ್ಚಿದ ಆಕಾರಕ್ಕ ಇದು ಸುತ್ತಳತಿ ಅಂತ ತೋರಸ್ತೈತಿ. ತೆರದಿದ್ದಕ್ಕ ಬರೇ ಉದ್ದ ಅಂತೈತಿ. ನನಗೂ ಉದ್ದ ಅಂತನ ಹೇಳಿತ್ತು, ನಾ ಬರೇ ಅಂಕಿ ನೋಡಿದೆ." ಗೆರಿಯ ಎರಡೂ ತುದಿ ಕೂಡಿಸಿದ್ಲು. ಅಂಕಿ ಬೆಳೀತು. ಎಷ್ಟು ಬೆಳೀತೋ ಅಷ್ಟು ಟೇಪಿನ್ಯಾಗ ಹಿಡದು ತೋರಿಸಿದ್ಲು. ನಾ ನನ್ನ ಕೈ ಚಾಚಿ ಇಟ್ಟೆ. ಹೆಬ್ಬೊಟ್ಟಿಂದ ಕಿರಿಬೊಟ್ಟಿನ ತನಕ, ಸರಿಯಾಗಿ ನಾ ಬಿಟ್ಟ ಬಾಯಿ.

"ಕಾರಣ ಏನರ ಇರ್ಲಿ," ಅಂದ ಮಗ.

"ಹೌದಪ್ಪಾ. ಕಡಿಮಿ ಬಿತ್ತು. ಹೋಗೂದಿಲ್ಲ," ಅಂದು ಲ್ಯಾಪ್‌ಟಾಪ್ ಮುಚ್ಚಿ, ಒಳಗ ಹೋಗಿ ಬದನಿಕಾಯಿ ಹೆಚ್ಚಾಕ ಕುಂತ್ಲು. ಆಯಿ ಬಾಯಿ ಬಿಡು ಅಂದ್ಲು, ಅದಕ್ಕ ಹಿಂಗಾತು ಅಂತ ಒಂದ ಮಾತು ಹೇಳಿದ್ರ ಮುಗೀತಿತ್ತು. ಹೇಳ್ಲಿಲ್ಲ. ನಾ ಅಳೂ ಪೈಕಿ ಅಲ್ಲ. ಒಂದು ಹಸರು ಕುಪ್ಪಸದ ಅರಿವಿ ಹರದು ಆ ಗೇಣು ಮುಚ್ಚಿದೆ. ಆದ್ರ ದಾರ ಒಂದೆರಡು ಸಲ ಗಂಟ ಬಿತ್ತು.

"ಬಸೂ," ಅಂದೆ, "ನಿನ್ನ ಅಂಗಡ್ಯಾಗ ಹತ್ತಿ ಅಂಡಗಿ ತೂಕಕ್ಕ ಕಡಿಮಿ ಬಂದ್ರ, ಎಲ್ಲೆ ಕಡಿಮಿ ಆತು ಅಂತ ಕಾಟಾ ಎಂದರ ಹೇಳೇತೇನು?"

"ಕಾಟಾ ಹೆಂಗ ಹೇಳ್ತೈತಿ ಯವ್ವಾ?"

"ಇಕಿ ಹೇಳಿದ್ಲು."

ಅವ ಆರಿದ ಚಾ ಕುಡದ. "ಮಾತು ಅಂದ್ರ ಮಾತು. ಅಕಿನ ಕೊಟ್ಟಾಳ."

"ಅಕಿ ಕೊಟ್ಟಾಳ. ನಾ ಕೊಟ್ಟಿಲ್ಲ," ಅಂದೆ. ಅವಗ ಅದು ತಿಳೀಲಿಲ್ಲ.

ಈಗ ನೀಲಾ ಆ ಕಾರಖಾನ್ಯಾಗನ ಅದಾಳ. ಹೊರಗಿಂದ ಬರೋ ನಕಾಶಿಗಳ್ನ ಮಷಿನ್ನಿಗೆ ಕೊಡೂಕಿಂತ ಮೊದ್ಲ ಅಕಿ ನೋಡ್ತಾಳ. ಕಣ್ಣಿಗೆ ಕಾಣದಷ್ಟು ಸಂದು ಬಿಟ್ಟಿದ್ರೂ ಹುಡಕಿ ತಗೀತಾಳಂತ. ಮೈಗೆಲ್ಲಾ ಎಣ್ಣಿ ವಾಸನಿ ಹೊತಗೊಂಡು ಬಂದು, "ಆಯಿ, ಇವತ್ತೂ ಒಂದು ಉಪಾಸದ್ದು ಬಂದಿತ್ತು," ಅಂತಾಳ. ಅವರಪ್ಪ ಈಗ ಅಂಗಡಿಗೆ ಬಂದವರಿಗೆಲ್ಲಾ ಮಗಳ ಕೆಲಸ ವರ್ಣಿಸಿ ಹೇಳ್ತಾನ, ತಾನ ಕಳಿಸಿದವರಂಗ. ಬಾಜೂ ಮನಿ ಸೊಸಿಗೆ, ಒಲಿ ಮ್ಯಾಲ ಹಾಲು ಇಲ್ಲದ ಹೊತ್ತಿನ್ಯಾಗ, ಇದನ್ನೂ ಹೇಳಬೇಕು. ಅಕಿಗೂ ಓದಾಕ ಆಸೆ ಐತಂತ.

ಮಗ ಹೆಂಗ ಒಪ್ಪಿದ ಅಂತ ಕೇಳ್ತೀರಿ. ಅವ ಎಲ್ಲೆ ಒಪ್ಪಿದ? ಮರುದಿನ ಮುಂಜಾನೆ ಅವ ಝಳಕಕ್ಕ ಹೋದಾಗ ನಾ ಛಲೋ ಸೀರಿ ಉಟಗೊಂಡು, ಚಪ್ಪಲ್ ಮೆಟ್ಟಿ, ನೀಲಾನ ರಟ್ಟಿ ಹಿಡಕೊಂಡು ಬಸ್ ಹತ್ತಿದೆ. "ಆಯಿ, ನಾ ಹೋಗೂದಿಲ್ಲ ಅಂತ ಮಾತ ಕೊಟ್ಟೇನಿ," ಅಂತ ಹಾದಿ ತುಂಬ ಅಂದ್ಲು. "ನೀ ಎಲ್ಲೆ ಹೊಂಟಿ? ನಾ ಹೊಂಟೇನಿ. ನನ್ನ ಜೋಡಿ ನೀ ಬಂದಿ," ಅಂದೆ. ಕಾರಖಾನಿ ಬಾಗಲದಾಗ ಒಬ್ಬವ ತಡದು, "ಯಾರ ಬೇಕ್ರಿ ಅಮ್ಮಾರ?" ಅಂದ. "ಗೆರಿ ಎಳಿಯಾಕ ಕರದಿದ್ರೆಲ್ರಿ, ಕರಕೊಂಡು ಬಂದೇನಿ," ಅಂದು ಅಕಿನ್ನ ಒಳಗ ದೂಡಿ, ಅಕಿ ಹೊರಗ ಬರೂತನಕ ಕಟ್ಟಿ ಮ್ಯಾಲ ಕುಂತೆ.