ಅರೆಗಣ್ಣಿನ ಫ್ಲೆಕ್ಸು

ನಮ್ಮೂರು ಪೈವಳಿಕೆಯಲ್ಲಿ ನನಗೆ ಬಾರದ ಸ್ವರ ಕಡಿಮೆ. ಮಂತ್ರದ ನಡುವೆ ಮಗನಿಗೆ ಪಂಪು ಆಫ್ ಮಾಡಲು ಹೇಳುವ ಭಟ್ಟರು, ರೋಗಿಗಿಂತ ಜಾಸ್ತಿ ಕೆಮ್ಮುವ ಡಾಕ್ಟರು, ಸ್ಟಾಪು ಬರುವ ಮೊದಲೇ ಎಲ್ಲರನ್ನೂ ಬಾಗಿಲಿಗೆ ತಂದು ನಿಲ್ಲಿಸುವ ಕಂಡಕ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ. ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಕಾಲು ಗಂಟೆ ನನಗೆ ಮೀಸಲು. ಮರುದಿನ ಭಟ್ಟರು ದಾರಿಯಲ್ಲಿ ಸಿಕ್ಕಿದರೆ "ನಾನು ಹಾಗೆ ಮಾತಾಡುದಾ?" ಅಂತ ಕೇಳುತ್ತಾರೆ, ಅದೂ ನಾನು ಮಾಡಿ ತೋರಿಸಿದ ಹಾಗೆಯೇ.

ಇಷ್ಟು ಸ್ವರ ಇರುವವನಿಗೆ "ಒಳ್ಳೇದಾಯ್ತು ಮಾರಾಯ" ಎಂಬ ಎರಡು ಮಾತು ಸ್ವಂತ ಸ್ವರದಲ್ಲಿ ಹೇಳಲು ಆಗದೆ ಹೋದ ಕತೆ ಇದು.

ನನಗೊಬ್ಬ ಗೆಳೆಯ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಡಿಗ್ರಿ ಮುಗಿದ ಮೇಲೆ ಇಬ್ಬರೂ ವಾಚನಾಲಯದ ಮಹಡಿಯಲ್ಲಿ ಕೂತು ಗುಮಾಸ್ತ ಹುದ್ದೆಯ ಪರೀಕ್ಷೆಗೆ ಓದಿದೆವು. ಕನ್ನಡ ಮತ್ತು ಮಲಯಾಳ ಎರಡೂ ಗೊತ್ತಿರುವವರಿಗೆ ಅಂತ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಾತ್ರ ಕೆಲವು ಹುದ್ದೆ ಉಂಟು. ಎರಡು ಭಾಷೆಯ ನಡುವೆ ಹುಟ್ಟಿದ್ದಕ್ಕೆ ದೇವರು ಕೊಟ್ಟ ಪರಿಹಾರ. ಓದುವಾಗ ಅವನಿಗೆ ಮೊಣಕಾಲು ಅಲ್ಲಾಡಿಸುವ ಅಭ್ಯಾಸ. ಬೆಂಚು ಒಂದೇ ಆದದ್ದರಿಂದ ಎರಡು ವರ್ಷ ಅವನ ಜೊತೆ ನಾನೂ ಅಲ್ಲಾಡಿದ್ದೇನೆ. ಅಲ್ಲಾಡಿದ್ದಕ್ಕೆ ರ‍್ಯಾಂಕ್ ಕೊಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ರ‍್ಯಾಂಕ್ ಲಿಸ್ಟ್ ಬಂದದ್ದು ಒಂದು ಮಧ್ಯಾಹ್ನ, ವಾಚನಾಲಯದಲ್ಲಿ ಕೂತಿರುವಾಗ, ಮೊಬೈಲಿಗೆ. ನನ್ನ ರಿಜಿಸ್ಟರ್ ನಂಬರ್ ಹುಡುಕುತ್ತಾ ಹೋದರೆ ಅವನದ್ದು ಸಿಕ್ಕಿತು. ನನ್ನದಕ್ಕೆ ಇನ್ನೂ ಕೆಳಗೆ ಹೋದೆ. ಮೇನ್ ಲಿಸ್ಟ್ ಮುಗಿಯಿತು, ಸಪ್ಲಿಮೆಂಟರಿ ಮುಗಿಯಿತು, ಕೊನೆಗೆ ಸಹಿ ಮತ್ತು ಸೀಲು ಬಂತು. ಸೀಲಿನ ಕೆಳಗೂ ಒಮ್ಮೆ ಬೆರಳಾಡಿಸಿ ನೋಡಿದೆ.

ಹೊಟ್ಟೆಕಿಚ್ಚು ಅಂತ ಹೆಸರಿಟ್ಟವರಿಗೆ ಶರೀರದ ವಿಷಯ ಸರಿಯಾಗಿ ಗೊತ್ತಿಲ್ಲ. ನನಗೆ ಅದು ಶುರುವಾಗುವುದು ಕಿವಿಯ ಹಿಂದೆ. ಅಲ್ಲಿಂದ ದವಡೆಗೆ ಇಳಿದು, ಹಲ್ಲಿನಲ್ಲಿ ಸ್ವಲ್ಪ ಹೊತ್ತು ಕೂತು, ಹೊಟ್ಟೆಗೆ ಬರುವುದು ನಿಧಾನಕ್ಕೆ. ಆ ದಿನ ಅವನ ಎಲ್ಲದರ ಮೇಲೂ ಕಿಚ್ಚು ಬಂತು. ಅವನ ಅಂಗಿಯ ಮೇಲೆ, ಅವನ ಅಕ್ಷರದ ಮೇಲೆ, ಅವನ ಆ ಮೊಣಕಾಲಿನ ಮೇಲೆ. ಅವನಿಗೆ ಶೀತ ಆಗಿತ್ತು. ಆ ಶೀತವೂ ನನ್ನದಕ್ಕಿಂತ ಒಳ್ಳೆಯ ಜಾತಿಯದ್ದು ಅನ್ನಿಸಿತು.

ಅವನು ಮುಂದೆ ನಿಂತಿದ್ದ. ಏನಾದರೂ ಹೇಳಬೇಕಿತ್ತು. ನಾನು ನಮ್ಮ ಹಳೆಯ ಹೆಡ್‌ಮಾಸ್ಟರ ಸ್ವರ ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿದ ಹಾಗೆ ಮಾಡಿ, "ನಮ್ಮ ಶಾಲೆಯ ವಿದ್ಯಾರ್ಥಿ, ನಮಗೆ ಅತೀವ ಹೆಮ್ಮೆಯ ವಿಷಯ" ಅಂದೆ. ವಾಚನಾಲಯದಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ನಾನು ಅಭಿನಂದನೆ ಹೇಳಲಿಲ್ಲ, ಹೆಡ್‌ಮಾಸ್ಟರು ಹೇಳಿದರು ಅಂತ ಯಾರಿಗೂ ಗೊತ್ತಾಗಲಿಲ್ಲ.

ನಮ್ಮಲ್ಲಿ ಯಾರಾದರೂ ಪಾಸಾದರೆ ಸುದ್ದಿ ಅವರ ಮನೆಗೆ ಮುಟ್ಟುವ ಮೊದಲು ಜಂಕ್ಷನ್ನಿಗೆ ಮುಟ್ಟುತ್ತದೆ. ಹತ್ತನೆಯಲ್ಲಿ ಎಲ್ಲ ಎ ಪ್ಲಸ್ ಬಂದವರಿಗೆ, ಡಾಕ್ಟರ್ ಆದವರಿಗೆ, ಸರ್ಕಾರಿ ಕೆಲಸ ಸಿಕ್ಕಿದವರಿಗೆ ಬಸ್ ಶೆಲ್ಟರಿನ ಪಕ್ಕ ಒಂದು ಫ್ಲೆಕ್ಸ್. ಪ್ಲಾಸ್ಟಿಕ್ಕಿಗೆ ನಿಷೇಧ ಬಂದು ಈಗ ಬಟ್ಟೆಯ ಮೇಲೆ ಮುದ್ರಿಸುವುದು, ಆದರೂ ಹೆಸರು ಫ್ಲೆಕ್ಸೇ. ಮೇಲೆ ಕನ್ನಡದಲ್ಲಿ "ಊರಿನ ಹೆಮ್ಮೆ", ಕೆಳಗೆ ಅದೇ ಮಲಯಾಳದಲ್ಲಿ, ನಡುವೆ ಹೆಮ್ಮೆಯ ಮೋರೆ. ನಾನು ಕಾಸರಗೋಡಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಕೆಲಸಕ್ಕೆ ಹೋಗುವವನಾದ್ದರಿಂದ ಊರಿನ ಹೆಮ್ಮೆಗಳೆಲ್ಲ ನನ್ನ ಕಂಪ್ಯೂಟರಿನ ಮೂಲಕವೇ ಹೊರಬರಬೇಕು.

ಕ್ಲಬ್ಬಿನ ಸೆಕ್ರೆಟರಿ, ಗಲ್ಫಿನಿಂದ ಬಂದು ಮೊಬೈಲ್ ಅಂಗಡಿ ಇಟ್ಟವರು, ಫೋನ್ ಮಾಡಿದರು.

"ಅವನ ಫ್ಲೆಕ್ಸ್ ನೀನೇ ಮಾಡು. ಐದು ಫೋಟೋ ಕಳಿಸಿದ್ದೇನೆ. ಅವನ ಮೋರೆ ನಿನಗಿಂತ ಚಂದ ಯಾರಿಗೆ ಗೊತ್ತುಂಟು?"

ಗೊತ್ತಿತ್ತು. ಅದೇ ತೊಂದರೆ.

ಐದು ಫೋಟೋವೂ ಚೆನ್ನಾಗಿತ್ತು. ಒಂದರಲ್ಲಂತೂ ನೀಲಿ ಅಂಗಿ ಹಾಕಿ, ಆಗಲೇ ಯಾರದೋ ಅರ್ಜಿ ಮಂಜೂರು ಮಾಡಿದವನ ಹಾಗೆ ಶಾಂತವಾಗಿ ನೋಡುತ್ತಿದ್ದ. ನಾನು ಆ ಐದನ್ನೂ ಮುಚ್ಚಿ, ನನ್ನ ಫೋನಿನಲ್ಲಿದ್ದ ಆರನೆಯದನ್ನು ತೆಗೆದೆ. ಒಂದು ಮದುವೆ ಊಟದಲ್ಲಿ ನಾನೇ ಹೊಡೆದದ್ದು. ಹೋಳಿಗೆ ಬಾಯಿಗೆ ಹೋಗುವ ಸ್ವಲ್ಪ ಮೊದಲು. ಕಣ್ಣು ಅರ್ಧ ಮುಚ್ಚಿ, ತುಟಿ ಸ್ವಲ್ಪ ತೆರೆದು, ಮುಖದಲ್ಲಿ ಹೋಳಿಗೆಯ ಭಕ್ತಿ. ಕೈ ಮತ್ತು ಹೋಳಿಗೆ ಕತ್ತರಿಸಿ ತೆಗೆದೆ. ಭಕ್ತಿ ಮಾತ್ರ ಉಳಿಯಿತು. ಅದನ್ನು ಎಂಟು ಅಡಿಗೆ ಹಿಗ್ಗಿಸಿ ಪ್ರಿಂಟಿಗೆ ಕೊಟ್ಟೆ.

ಕೊಡುವಾಗ ನನಗೇ ಒಂದು ಸುಳ್ಳು ಹೇಳಿಕೊಂಡೆ: ಉಳಿದದ್ದಕ್ಕೆ ಕ್ಲಾರಿಟಿ ಇಲ್ಲ. ನಮ್ಮ ಕಸುಬಿನಲ್ಲಿ ಈ ಒಂದು ಮಾತಿಗೆ ಎದುರು ಮಾತೇ ಇಲ್ಲ. ಗಿರಾಕಿ ಸುಮ್ಮನಾಗುತ್ತಾನೆ. ನಾನೂ ಸುಮ್ಮನಾದೆ.

ಫ್ಲೆಕ್ಸ್ ಕಟ್ಟಿದ ದಿನ ಜಂಕ್ಷನ್ನಿನ ಹೋಟೆಲಿನವರು ಚಾ ಎತ್ತಿ ಹೊಯ್ಯುತ್ತಾ ಅದನ್ನೇ ನೋಡಿದರು.

"ಎಂತ ಇದು, ಕೆಲಸಕ್ಕೆ ಸೇರುವ ಮೊದಲೇ ನಿದ್ದೆಯಾ?"

"ಸರ್ಕಾರದ್ದಲ್ವಾ," ಅಂದರು ಮೂಲೆಯಲ್ಲಿದ್ದ ಆಟೋದವರು. "ಪ್ರಾಕ್ಟೀಸ್ ಬೇಕಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಾನು. ನಕ್ಕು ಸಾಲದೆ ಎದ್ದು ನಿಂತು ಒಂದು ಮಿಮಿಕ್ರಿ ಐಟಂ ಮಾಡಿದೆ. ಗೆಳೆಯ ಆಫೀಸಿನ ಮೇಜಿನ ಮುಂದೆ ಅರೆಗಣ್ಣು ಮಾಡಿ ಕೂತಿದ್ದಾನೆ, ಮೇಜಿನ ಕೆಳಗೆ ಮೊಣಕಾಲು ಮಾತ್ರ ಎಚ್ಚರ ಉಂಟು. ಅಜ್ಜಿಯೊಬ್ಬಳು ಸರ್ಟಿಫಿಕೇಟಿಗೆ ಬಂದು ಕರೆಯುತ್ತಾಳೆ, ಅವನು ನಿದ್ದೆಯಲ್ಲೇ ಸೀಲು ಅಜ್ಜಿಯ ಕೈಮೇಲೆ ಒತ್ತುತ್ತಾನೆ. ಆಟೋದವರು ಚಾ ಮೂಗಿಗೆ ಹೋಗಿ ಕೆಮ್ಮಿದರು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿರಲಿಲ್ಲ. ಕಿಚ್ಚು ಒಳ್ಳೆಯ ಮೇಷ್ಟ್ರು.

ಸೀಲು ಒತ್ತಿ ತಲೆ ಎತ್ತಿದರೆ ಹೋಟೆಲಿನ ಮೆಟ್ಟಿಲಲ್ಲಿ ಅವನ ಅಮ್ಮ ನಿಂತಿದ್ದರು. ಬೀಡಿ ಕಟ್ಟುವವರು. ಕಟ್ಟಿದ ಬೀಡಿಯ ಚೀಲ ಕೈಯಲ್ಲಿ ಹಿಡಿದು ಡಿಪೋಗೆ ಹೊರಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ನನ್ನ ಹತ್ತಿರ ತುಳುವಿನಲ್ಲಿ ಮಾತಾಡಿದ್ದನ್ನು ಇಲ್ಲಿ ಕನ್ನಡ ಮಾಡಿದ್ದೇನೆ.

"ಬೇರೆ ಫೋಟೋ ಇರಲಿಲ್ವಾ ಮಗಾ? ನಾನೇ ಐದು ತೆಗೆದು ಕಳಿಸಿದ್ದು. ಅವನಿಗೆ ನಾಚಿಕೆ, ನಿಲ್ಲುವುದೇ ಇಲ್ಲ."

"ಅದಕ್ಕೆ ಕ್ಲಾರಿಟಿ ಇಲ್ಲ ಅಮ್ಮಾ."

"ಹೌದಾ? ನಿನಗೆ ಗೊತ್ತಿರ್ತದೆ." ಸ್ವಲ್ಪ ಹೊತ್ತು ಫ್ಲೆಕ್ಸ್ ನೋಡಿದರು. "ಪರವಾಗಿಲ್ಲ. ಅವನು ತಿನ್ನುವಾಗ ಹೀಗೆಯೇ ಇರುವುದು. ನನ್ನದು ಒಂದು ಫೋಟೋ ತೆಗಿ. ದುಬೈಯಲ್ಲಿರುವ ತಂಗಿಗೆ ಕಳಿಸ್ಲಿಕ್ಕೆ."

ಚೀಲ ಕೆಳಗಿಟ್ಟು, ಸೆರಗು ಸರಿಮಾಡಿ, ಆ ಎಂಟು ಅಡಿಯ ಅರೆಗಣ್ಣಿನ ಕೆಳಗೆ ನೆಟ್ಟಗೆ ನಿಂತರು. ನಾನು ತೆಗೆದೆ. ಕ್ಲಾರಿಟಿ ಬಹಳ ಚೆನ್ನಾಗಿ ಬಂತು.

ಆಮೇಲಿನ ಎರಡು ವಾರ ನಾನು ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ಒಳದಾರಿಯಲ್ಲಿ ನಡೆದು ಮನೆಗೆ ಹೋದೆ. ಕಂಡಕ್ಟರಿಗೆ ಅದರಿಂದ ಸಂತೋಷ. ಗೆಳೆಯನ ಫೋನು ಎತ್ತಲಿಲ್ಲ. ಅವನಿಗೆ ನೇಮಕದ ಆರ್ಡರ್ ಬಂತಂತೆ, ಸೋಮವಾರ ಡ್ಯೂಟಿಗೆ ಸೇರುವುದಂತೆ, ಎಲ್ಲ ಹೋಟೆಲಿನ ಸುದ್ದಿ. ಅವನು ಹೊರಟುಹೋದರೆ ಹೇಳಬೇಕಾದದ್ದು ನನ್ನಲ್ಲೇ ಉಳಿಯುತ್ತದೆ, ಒಂದು ಬೆಂಚಿನ ಗೆಳೆತನ ಅಲ್ಲಿಗೆ ಮುಗಿಯುತ್ತದೆ ಅಂತ ಗೊತ್ತಿತ್ತು. ಹೋಗಿ ಹೇಳುವ ಅಂತ ಹೊರಟರೆ ತಲೆಯೊಳಗೆ ಒಂದು ತೀರ್ಪು ಕೇಳುತ್ತಿತ್ತು: ಇಷ್ಟೇ ನೀನು. ಕಲ್ಲಿನಂಥ ಮನುಷ್ಯ. ಒಬ್ಬ ತಾಯಿಯನ್ನು ಆ ಫೋಟೋದ ಕೆಳಗೆ ನಿಲ್ಲಿಸಿದವನು. ನಿನ್ನಿಂದ ಬೇರೆ ಎಂತ ಬರ್ಲಿಕ್ಕೆ ಉಂಟು?

ಒಂದು ದಿನ ಅಂಗಡಿಯಲ್ಲಿ ಯಾರದೋ ಗೃಹಪ್ರವೇಶದ ಬ್ಯಾನರಿಗೆ ಬಾಳೆಗಿಡ ಅಂಟಿಸುತ್ತಾ ಇದೇ ತೀರ್ಪು ಕೇಳುತ್ತಾ ಕೂತಿದ್ದೆ. ಆಗ ಗಮನಕ್ಕೆ ಬಂತು. ಪ್ರತಿ ಸಲ "ಇಷ್ಟೇ ನೀನು" ಅನ್ನುವ ಮೊದಲು ಗಂಟಲು ಒಮ್ಮೆ ಸರಿಮಾಡುವ ಶಬ್ದ. ಕೊನೆಗೆ ನಾಲಗೆಯ ಒಂದು ಲೊಚ್. ಅಭ್ಯಾಸಬಲದಿಂದ ಮೆಲ್ಲಗೆ ಮಾಡಿ ನೋಡಿದೆ. ಅದು ನನ್ನ ಮಾವ.

ಅಮ್ಮನ ಅಣ್ಣ. ನನಗೆ ಹತ್ತು ವರ್ಷ ಇರುವಾಗ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ನಾನು ಬಡಿಸುವವರನ್ನೆಲ್ಲ ಒಬ್ಬೊಬ್ಬರಾಗಿ ಮಾಡಿ ತೋರಿಸುತ್ತಿದ್ದೆ. ಜನ ಎಲೆಯ ಮುಂದೆ ನಗುತ್ತಿದ್ದರು. ಮಾವ ಗಂಟಲು ಸರಿಮಾಡಿ, "ಇವನಿಗೆ ಸ್ವಂತದ್ದು ಎಂತದೂ ಇಲ್ಲ. ಎಲ್ಲ ಊರವರದ್ದು. ಇಷ್ಟೇ ಇವನು" ಅಂದರು, ಲೊಚ್ ಮಾಡಿದರು. ಜನ ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಎಲೆ ಬಿಟ್ಟು ಏಳುವ ಹಾಗಿಲ್ಲವಲ್ಲ, ತಲೆ ತಗ್ಗಿಸಿ ಪಾಯಸದಲ್ಲಿ ದ್ರಾಕ್ಷಿ ಹುಡುಕಿದೆ. ಮಾವ ಕೆಟ್ಟವರಲ್ಲ. ಅದನ್ನು ಹೇಳಿ ಮಜ್ಜಿಗೆ ಕುಡಿದು ಮರೆತಿರಬೇಕು. ಊರವರನ್ನೆಲ್ಲ ಸ್ಟೇಜಿನಲ್ಲಿ ಮಾಡಿದ ನಾನು ಮಾವನನ್ನು ಮಾತ್ರ ಒಮ್ಮೆಯೂ ಮಾಡಿರಲಿಲ್ಲ. ಮಾಡಿರಲಿಲ್ಲ ಅಂದುಕೊಂಡಿದ್ದೆ. ಹದಿನೈದು ವರ್ಷದಿಂದ ದಿನಾ ಮಾಡುತ್ತಿದ್ದೆ, ಒಬ್ಬನೇ ಪ್ರೇಕ್ಷಕನಿಗೆ.

ಇದು ತಿಳಿದ ಕೂಡಲೇ ಮನಸ್ಸು ಹಗುರವಾಯಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಆದರೆ ಮಾವನ ಸ್ವರವನ್ನು ಬದಿಗಿಟ್ಟು ನೋಡಿದಾಗ ಉಳಿದದ್ದು ಬಹಳ ಚಿಕ್ಕದು: ಕಿಚ್ಚಿನಿಂದ ಒಂದು ಕೆಟ್ಟ ಫೋಟೋ ಹಾಕಿದ್ದೇನೆ, ಅದಕ್ಕೆ ಸುಳ್ಳು ಹೇಳಿದ್ದೇನೆ. "ಇಷ್ಟೇ ನೀನು" ಅನ್ನುವುದು ಒಂದು ರೀತಿಯಲ್ಲಿ ಸುಖ. ಮನುಷ್ಯನೇ ಹಾಳಾದ ಮೇಲೆ ಎದ್ದು ಎಂತ ಮಾಡುವುದು, ಒಳದಾರಿಯಲ್ಲಿ ನಡೆದರೆ ಸಾಕು. ಫೋಟೋ ಮಾತ್ರ ಹಾಳಾದದ್ದಾದರೆ ಬೇರೆ ಪ್ರಿಂಟ್ ಹಾಕಬೇಕಾಗುತ್ತದೆ.

ಹಾಕಿದೆ. ನೀಲಿ ಅಂಗಿಯದ್ದು. ಭಾನುವಾರ ಬೆಳಿಗ್ಗೆ ಅದನ್ನು ಸುರುಳಿ ಮಾಡಿ ಹೆಗಲಿಗಿಟ್ಟು ಅವನ ಮನೆಗೆ ಹೋದೆ. ಜಗಲಿಯಲ್ಲಿ ಅಮ್ಮ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಒಳಗೆ ಅವನು ಮೇಜಿನ ಮೇಲೆ ಕಂಬಳಿ ಹಾಸಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನನ್ನನ್ನು ನೋಡಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದ.

"ನಮ್ಮ ಶಾಲೆಯ ವಿದ್ಯಾರ್ಥಿ," ಅಂತ ಶುರುಮಾಡಿದೆ. ಹೆಡ್‌ಮಾಸ್ಟರು ಅಷ್ಟಕ್ಕೇ ನಿಂತರು. ಅವನು ನಗಲಿಲ್ಲ.

"ಹೊಟ್ಟೆಕಿಚ್ಚು ಮಾರಾಯ," ಅಂದೆ. "ಅದಕ್ಕೇ ಆ ಫೋಟೋ ಹಾಕಿದ್ದು. ಬೇಕಂತಲೇ."

"ಗೊತ್ತುಂಟು."

"ಎಂತ ಗೊತ್ತುಂಟು?"

"ಹೋಳಿಗೆ ನಂದು, ಫೋನು ನಿಂದು. ನನಗೆ ಗೊತ್ತಾಗುದಿಲ್ವಾ?" ಅಂಗಿಯ ಕಾಲರ್ ತಿರುಗಿಸಿದ. "ನಿನ್ನ ಜಾಗದಲ್ಲಿ ನಾನಾದ್ರೆ ಫೋಟೋವೇ ಹಾಕ್ತಿರ್ಲಿಲ್ಲ. ಫ್ಲೆಕ್ಸ್ ಮೆಷಿನ್ ಹಾಳಾಗಿದೆ ಅಂತ ಹೇಳ್ತಿದ್ದೆ."

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

"ಅದು ಆಗ್ಲಿ. ಅಮ್ಮನನ್ನು ಅದರ ಕೆಳಗೆ ನಿಲ್ಲಿಸಿದ್ದು ಬೇಡ ಇತ್ತು."

"ಬೇಡ ಇತ್ತು."

"ಆ ಸೀಲಿನ ಐಟಂ ಇನ್ನು ಎಲ್ಲಿಯೂ ಮಾಡ್ಬಾರ್ದು."

"ಮಾಡುದಿಲ್ಲ," ಅಂದೆ. ಒಳಗೆ ನಿಜಕ್ಕೂ ಸಂಕಟ ಆಯಿತು. ಅಷ್ಟು ಒಳ್ಳೆಯ ಐಟಂ.

ಜಗಲಿಗೆ ಬಂದು ಅಮ್ಮನ ಮುಂದೆ ಕೂತು ಅವರಿಗೂ ಹೇಳಿದೆ, ಐದು ಫೋಟೋವೂ ಸರಿಯಾಗಿಯೇ ಇತ್ತು ಅಂತ. ಅವರ ಬೆರಳು ನಿಲ್ಲಲಿಲ್ಲ. ಎರಡು ಬೀಡಿ ಮುಗಿದ ಮೇಲೆ, "ಹಾಗಾದ್ರೆ ನನ್ನ ಫೋನಿಗೆ ಎಂತದೂ ಆಗ್ಲಿಲ್ಲ," ಅಂದರು. "ನನಗೆ ಎರಡು ವಾರದಿಂದ ಅದರ ಕ್ಯಾಮರಾದ ಕಣ್ಣು ಒರೆಸಿ ಒರೆಸಿ ಸಾಕಾಗಿದೆ." ಆಮೇಲೆ ಕತ್ತರಿಯಿಂದ ಒಳಗೆ ತೋರಿಸಿ, "ಚಾ ಉಂಟು. ಸಕ್ಕರೆ ನೀನೇ ಹಾಕಿಕೋ" ಅಂದರು. ಮೊದಲೆಲ್ಲ ಅವರೇ ಹಾಕಿ ಕೊಡುತ್ತಿದ್ದರು. ಅಷ್ಟು ಶಿಕ್ಷೆ ಇರಲಿ ಅಂತ ನಾನೇ ಹಾಕಿಕೊಂಡೆ. ಒಂದು ಚಮಚ ಜಾಸ್ತಿಯೇ ಬಿತ್ತು.

ಮಧ್ಯಾಹ್ನ ಇಬ್ಬರೂ ಹೋಗಿ ಹಳೆಯದು ಬಿಚ್ಚಿ ಹೊಸದು ಕಟ್ಟಿದೆವು. ತನ್ನ ಅಭಿನಂದನೆಯನ್ನು ತಾನೇ ಕಟ್ಟಲು ಏಣಿ ಹತ್ತಿದ ಮೊದಲನೆಯವನು ಅವನೇ ಇರಬೇಕು. ನಾನು ಏಣಿ ಹಿಡಿದುಕೊಂಡಿದ್ದೆ. ಅವನ ಮೊಣಕಾಲು ಏಣಿಯ ಮೇಲೂ ಅಲ್ಲಾಡುತ್ತಿತ್ತು. ಕೆಳಗಿನಿಂದ ನೀಲಿ ಅಂಗಿಯನ್ನು ನೋಡುವಾಗ ಕಿವಿಯ ಹಿಂದೆ ಮತ್ತೆ ಶುರುವಾಯಿತು. ಇರಲಿ ಅಂತ ಬಿಟ್ಟೆ. ಗಂಟಲು ಸರಿಮಾಡುವ ಶಬ್ದವೂ ಕೇಳಿತು. ಮಾವ, ಸ್ವಲ್ಪ ನಿಲ್ಲಿ, ಏಣಿ ಹಿಡಿದಿದ್ದೇನೆ ಅಂತ ಮನಸ್ಸಿನಲ್ಲೇ ಅಂದೆ.

"ಒಳ್ಳೇದಾಯ್ತು ಮಾರಾಯ," ಅಂತ ಮೇಲಕ್ಕೆ ಹೇಳಿದೆ. ಸ್ವರ ಸ್ವಲ್ಪ ತೆಳ್ಳಗೆ ಬಂತು. ಅದು ಯಾರದ್ದೂ ಅಲ್ಲ. ಚಂದವೂ ಇರಲಿಲ್ಲ.

"ಎಂತ ಹೇಳಿದ್ದು?"

"ಎಡಗಡೆ ಎಳಿ ಅಂತ."

ಬುಧವಾರ ಅವನು ಆಫೀಸಿನಿಂದ ಫೋನ್ ಮಾಡಿದ. ಊಟದ ಹೊತ್ತು. ಚಕ್ರದ ಕುರ್ಚಿ ಕೊಟ್ಟಿದ್ದಾರಂತೆ, ತಿರುಗುತ್ತದಂತೆ.

"ನನಗೆ ಹೊಟ್ಟೆಕಿಚ್ಚು ಆಗ್ತಾ ಉಂಟು," ಅಂದೆ.

"ಎಷ್ಟು?"

"ಕುರ್ಚಿಗೆ ಜಾಸ್ತಿ. ಫ್ಯಾನ್ ಉಂಟಾ?"

"ಉಂಟು. ತಿರುಗುದಿಲ್ಲ."

"ಹಾಗಾದ್ರೆ ಸ್ವಲ್ಪ ಕಮ್ಮಿ," ಅಂದೆ. ಅವನು ನಕ್ಕ. ಮುಂದಿನ ಪರೀಕ್ಷೆಯ ಅರ್ಜಿ ತುಂಬಿಸಿದ್ದೀಯಾ ಅಂತ ಕೇಳಿದ. ಇಲ್ಲ, ಫೋಟೋ ಹಾಕಬೇಕಲ್ಲ, ನನ್ನದು ಒಂದೂ ಒಳ್ಳೆಯದಿಲ್ಲ ಅಂದೆ.

"ಅಮ್ಮನ ಹತ್ರ ಹೋಗು," ಅಂದ. "ತೆಗೆದು ಕೊಡ್ತಾರೆ."